ಕೆಂಪುಕಲ್ಲಿನ ಮೇಲಿನ ರಾಜಧಾನಿ ಬೀದರ

ಬೀದರ ಕರ್ನಾಟಕದ ಈಶಾನ್ಯ ತುದಿಯ ನಗರ. ಬೆಂಗಳೂರಿನಿಂದ ಇಲ್ಲಿಗೆ ಸುಮಾರು 700 ಕಿಲೋಮೀಟರ್ ದಾರಿ, ಹೈದರಾಬಾದಿನಿಂದ ಸುಮಾರು 140 ಕಿಲೋಮೀಟರ್. ರಾಜ್ಯದ ನಕ್ಷೆಯ ನೆತ್ತಿಯಲ್ಲಿ ಕಾಣುವ ಜಿಲ್ಲೆಯಾದ್ದರಿಂದ ಇದನ್ನು ಕರ್ನಾಟಕದ ಕಿರೀಟ ಎಂದು ಕರೆಯುವ ರೂಢಿಯಿದೆ. ಕಡಲು ಇಲ್ಲಿಂದ ಬಲು ದೂರ. ಊರ ಮಗ್ಗುಲಲ್ಲಿ ದೊಡ್ಡ ಹೊಳೆಯೂ ಇಲ್ಲ; ಮಾಂಜ್ರಾ ನದಿ ಕೆಳಗಿನ ಬಯಲಿನಲ್ಲಿ ತನ್ನ ಪಾಡಿಗೆ ಹರಿಯುತ್ತದೆ. ಹಾಗಿದ್ದರೂ ಸುಮಾರು ಇನ್ನೂರು ವರ್ಷ ಈ ಊರು ರಾಜಧಾನಿಯಾಗಿ ಬಾಳಿತು. ಪರ್ಷಿಯಾದ ವಿದ್ವಾಂಸರು, ತುರ್ಕಿ ಸೈನಿಕರು, ಅಬಿಸೀನಿಯಾದ ಸರದಾರರು, ರಷ್ಯಾದ ಒಬ್ಬ ವ್ಯಾಪಾರಿ ಇದನ್ನು ಹುಡುಕಿಕೊಂಡು ಬಂದರು. ಒಳನಾಡಿನ ಈ ಜಾಗಕ್ಕೆ ಅಂಥ ಭಾಗ್ಯ ಬಂದದ್ದರ ಕಾರಣವನ್ನು ಮೊದಲು ಅದರ ನೆಲದಲ್ಲಿಯೇ ನೋಡಬೇಕು.

ಬೀದರ ನಿಂತಿರುವುದು ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದ ಒಂದು ಪ್ರಸ್ಥಭೂಮಿಯ ಅಂಚಿನಲ್ಲಿ. ಸುತ್ತಲಿನ ಬಯಲುಸೀಮೆ ಎರೆಮಣ್ಣಿನದು, ಅದರ ಅಡಿಯಲ್ಲಿರುವುದು ಕಪ್ಪು ಬಸಾಲ್ಟ್ ಶಿಲೆ. ಬೀದರದ ದಿಬ್ಬದ ಮೇಲೆ ಮಾತ್ರ ಆ ಕಪ್ಪುಕಲ್ಲಿಗೆ ಕೆಂಪು ಜಂಬಿಟ್ಟಿಗೆಯ ದಪ್ಪ ಹೊದಿಕೆಯಿದೆ. ಜಂಬಿಟ್ಟಿಗೆ ಅಥವಾ ಮುರಕಲ್ಲು ನೆಲದೊಳಗಿರುವಾಗ ಮೆತ್ತಗಿರುತ್ತದೆ, ಗುದ್ದಲಿಗೂ ಉಳಿಗೂ ಸುಲಭವಾಗಿ ಬಗ್ಗುತ್ತದೆ. ಹೊರಗೆ ತೆಗೆದು ಗಾಳಿಬಿಸಿಲಿಗೆ ಒಡ್ಡಿದರೆ ದಿನಕಳೆದಂತೆ ಗಟ್ಟಿಯಾಗುತ್ತದೆ. ಕಂದಕ ತೋಡುವವರಿಗೂ ಗೋಡೆ ಕಟ್ಟುವವರಿಗೂ ಇದಕ್ಕಿಂತ ಅನುಕೂಲವಾದ ಕಲ್ಲು ಇನ್ನೊಂದಿಲ್ಲ. ತೋಡಿ ತೆಗೆದ ಕಲ್ಲೇ ಗೋಡೆಗಾಗುತ್ತದೆ, ಕಲ್ಲು ತೆಗೆದ ತಗ್ಗೇ ಕಂದಕವಾಗುತ್ತದೆ. ಬೀದರದ ಕೋಟೆಯ ಹುಟ್ಟು ಈ ಸರಳ ಲೆಕ್ಕದಲ್ಲಿದೆ.

ಜಂಬಿಟ್ಟಿಗೆ ಮಾಡುವ ಎರಡನೆಯ ಉಪಕಾರ ನೀರಿನದು. ಈ ಕಲ್ಲಿನ ತುಂಬ ಸಣ್ಣ ರಂಧ್ರಗಳು. ಮಳೆನೀರು ಅವುಗಳ ಮೂಲಕ ಇಳಿದು ಕೆಳಗಿನ ಜೇಡಿಯ ಪದರ ಮತ್ತು ಕರಿಗಲ್ಲಿನ ಬಳಿ ತಡೆದು ನಿಲ್ಲುತ್ತದೆ. ಮುಂದೆ ಹೋಗಲು ದಾರಿಯಿಲ್ಲದ ಆ ನೀರು ದಿಬ್ಬದ ಅಂಚಿನಲ್ಲಿ ಸಿಕ್ಕ ಸಿಕ್ಕ ಕಡೆ ಝರಿಯಾಗಿ ಹೊರಬೀಳುತ್ತದೆ. ಬೀದರದ ಸುತ್ತ ಇಷ್ಟೊಂದು ಝರಿಗಳಿರುವುದು ಹೀಗೆ. 15ನೇ ಶತಮಾನದಲ್ಲಿ ಈ ಗುಣವನ್ನು ಚೆನ್ನಾಗಿ ಬಲ್ಲವರು ಊರ ಪಕ್ಕದ ನೌಬಾದದಲ್ಲಿ ನೆಲದಡಿಯ ಕಾಲುವೆ ತೋಡಿಸಿದರು. ಪರ್ಷಿಯಾದಲ್ಲಿ ಕನಾತ್ ಎಂದೂ ಕರೇಜ್ ಎಂದೂ ಹೆಸರಾದ ಆ ವಿದ್ಯೆಗೆ ಇಲ್ಲಿಯ ಜನ ಇಟ್ಟ ಹೆಸರು ಸುರಂಗ ಬಾವಿ. ಅಂತರ್ಜಲ ಇರುವ ಜಾಗದಲ್ಲಿ ಮೊದಲೊಂದು ತಾಯಿಬಾವಿ. ಅಲ್ಲಿಂದ ಅಲ್ಪಸ್ವಲ್ಪ ಇಳಿಜಾರಿನಲ್ಲಿ ಸಾಗುವ ಸುರಂಗ. ಅದರ ಮೇಲೆ ನಡುನಡುವೆ ಗಾಳಿಬೆಳಕಿಗೆ, ಹೂಳು ತೆಗೆಯಲು, ನೀರು ಸೇದಲು ನೆಟ್ಟಗೆ ಇಳಿದ ಬಾವಿಗಳು. ನೌಬಾದದ ಸುರಂಗ ಎರಡು ಕಿಲೋಮೀಟರಿಗೂ ಉದ್ದ, ಅದರ ಮೇಲಿನ ಬಾವಿಗಳು ಇಪ್ಪತ್ತಕ್ಕೂ ಹೆಚ್ಚು. ಏತವಿಲ್ಲ, ಎತ್ತಿಲ್ಲ, ನೆಲದ ಓಟವೊಂದನ್ನೇ ನಂಬಿ ನೀರು ಹರಿಯುತ್ತದೆ. ಬಿಸಿಲಿಗೆ ಆವಿಯಾಗುವ ಭಯವೂ ಅದಕ್ಕಿಲ್ಲ.

ಊರಿನ ಹೆಸರಿಗೆ ಜನ ಎರಡು ವಿವರಣೆ ಕೊಡುತ್ತಾರೆ. ಬಿದಿರು ಬೆಳೆಯುತ್ತಿದ್ದ ಜಾಗ ಬೀದರವಾಯಿತು ಎನ್ನುವುದು ಒಂದು. ಮಹಾಭಾರತದ ವಿದುರನ ಊರು, ವಿದುರನಗರ ಎನ್ನುವುದು ಇನ್ನೊಂದು. ಕಲ್ಯಾಣದ ಚಾಲುಕ್ಯರ ರಾಜಧಾನಿ, ಇಂದಿನ ಬಸವಕಲ್ಯಾಣ, ಇದೇ ಜಿಲ್ಲೆಯಲ್ಲಿದೆ. 12ನೇ ಶತಮಾನದಲ್ಲಿ ಬಸವಣ್ಣ ಮತ್ತು ಶರಣರು ಅಲ್ಲಿ ಬಾಳಿದ ಕಾಲದಲ್ಲಿ ಬೀದರ ಹೇಳಿಕೊಳ್ಳುವಂಥ ಊರಾಗಿರಲಿಲ್ಲ. ಚಾಲುಕ್ಯರ ತರುವಾಯ ಇದು ಕಾಕತೀಯರ ಕೈಗೆ ಹೋಯಿತು; ಮುಂದೆ ಮಹಮ್ಮದ್ ಬಿನ್ ತುಘಲಕ್ ಎಂದು ಹೆಸರಾದ ರಾಜಕುಮಾರ 1320ರ ದಶಕದ ಆರಂಭದಲ್ಲಿ ದೆಹಲಿಯ ಪರವಾಗಿ ಇದನ್ನು ಗೆದ್ದುಕೊಂಡ. 1347ರಲ್ಲಿ ದಖ್ಖನಿನ ಸರದಾರರು ದೆಹಲಿಯ ವಿರುದ್ಧ ಎದ್ದು ಬಹಮನಿ ರಾಜ್ಯ ಸ್ಥಾಪಿಸಿದರು. ಅವರ ಮೊದಲ ರಾಜಧಾನಿ ಕಲಬುರಗಿ.

ರಾಜಧಾನಿಯನ್ನು ಬೀದರಕ್ಕೆ ತಂದವನು 1422ರಲ್ಲಿ ಪಟ್ಟಕ್ಕೆ ಬಂದ ಅಹಮದ್ ಶಹಾ. ಎತ್ತರದ ಜಾಗ, ತಂಪು ಗಾಳಿ, ಬತ್ತದ ನೀರು, ಎರಡು ಕಡೆ ಕಡಿದಾದ ಅಂಚು, ಹಿಗ್ಗುತ್ತಿದ್ದ ರಾಜ್ಯದ ನಡುಭಾಗ, ಇವೆಲ್ಲ ಆ ಆಯ್ಕೆಗೆ ಒದಗಿದವು. ಊರಿಗೆ ಮುಹಮ್ಮದಾಬಾದ್ ಎಂಬ ಹೊಸ ಹೆಸರು ಬಂತು. ಹಳೆಯ ಕೋಟೆಯ ಜಾಗದಲ್ಲಿ ಹೊಸ ಕೋಟೆ ಎದ್ದಿತು. ಪರ್ಷಿಯಾದ ಕವಿ ಆಜರಿ ಹೊಸ ಅರಮನೆಯನ್ನು ಹೊಗಳಿ ಪದ್ಯ ಕಟ್ಟಿದನೆಂದೂ ಸುಲ್ತಾನ ಅವನಿಗೆ ಕೈತುಂಬ ಕೊಟ್ಟು ಊರಿಗೆ ಕಳಿಸಿದನೆಂದೂ ಚರಿತ್ರಕಾರ ಫೆರಿಸ್ತಾ ಬರೆದಿದ್ದಾನೆ.

ಕೋಟೆಯ ಮುಂದೆ ಬಂದವರಿಗೆ ಎದ್ದು ಕಾಣುವುದು ಕಂದಕ. ದಿಬ್ಬದ ಕಡಿದಾದ ಅಂಚು ಇರುವ ಕಡೆ ಪ್ರಕೃತಿಯೇ ಕಾವಲು. ನೆಲ ಸಮತಟ್ಟಾಗಿರುವ ಕಡೆ ಮಾತ್ರ ವೈರಿಗೆ ದಾರಿ. ಅಲ್ಲಿ ಅಖಂಡ ಜಂಬಿಟ್ಟಿಗೆಯನ್ನು ಕಡಿದು ಒಂದರ ಹಿಂದೆ ಒಂದರಂತೆ ಮೂರು ಕಂದಕ ತೋಡಿದ್ದಾರೆ. ಎರಡು ಕಂದಕಗಳ ನಡುವೆ ಕಲ್ಲನ್ನು ಹಾಗೆಯೇ ಗೋಡೆಯಂತೆ ಬಿಟ್ಟಿದ್ದಾರೆ. ಕಟ್ಟಿದ ಗೋಡೆಯಾಗಿದ್ದರೆ ಸಂದುಗಳಿರುತ್ತಿದ್ದವು. ಇದಕ್ಕೆ ಸಂದೇ ಇಲ್ಲ, ಇದು ಭೂಮಿಯ ಅಂಗವೇ. ಕಂದಕ ದಾಟಿದರೆ ಹುಲಿಗಳ ಚಿತ್ರವಿರುವ ಶರಜಾ ದರವಾಜ. ಅದರ ಒಳಗೆ ದಪ್ಪ ಗುಮ್ಮಟದ ಗುಂಬದ್ ದರವಾಜ. ದಾರಿ ನೇರವಾಗಿ ಒಳಗೆ ಹೋಗದೆ ತಿರುವು ತೆಗೆದುಕೊಳ್ಳುತ್ತದೆ. ಆನೆಯ ಪಡೆ ಓಡಿಬಂದು ಬಾಗಿಲಿಗೆ ಹಾಯದಿರಲೆಂದು ಮಾಡಿದ ಉಪಾಯವಿದು.

ಗುಂಬದ್ ದರವಾಜ ದಾಟಿದೊಡನೆ ಸಿಗುವ ರಂಗೀನ್ ಮಹಲು ಗಾತ್ರದಲ್ಲಿ ಚಿಕ್ಕದು, ಕುಸುರಿಯಲ್ಲಿ ಇಡೀ ಕೋಟೆಗೇ ದೊಡ್ಡದು. ಇದರ ಈಗಿನ ರೂಪ ಬಹಮನಿಗಳ ಬಳಿಕ, 16ನೇ ಶತಮಾನದಲ್ಲಿ ಆಳಿದ ಅಲಿ ಬರೀದ್ ಶಹಾನ ಕಾಲದ್ದು. ಹೊರಗಿನ ಪಡಸಾಲೆಯಲ್ಲಿ ಕೆತ್ತನೆಯ ಮರದ ಕಂಬಗಳು, ಅವುಗಳ ಬೋದಿಗೆಗಳಲ್ಲಿ ಈ ನಾಡಿನ ದೇಗುಲಗಳ ಬಡಗಿಗಳ ಕೈವರಸೆ. ಒಳಗಿನ ಬಾಗಿಲುವಾಡ ನುಣುಪಾದ ಕರಿಗಲ್ಲಿನದು. ಆ ಕರಿಗಲ್ಲಿನಲ್ಲಿ ಬಳ್ಳಿ, ಹೂವು, ಪರ್ಷಿಯನ್ ಅಕ್ಷರಗಳ ಆಕಾರಕ್ಕೆ ಸರಿಯಾಗಿ ತೋಡು ಕೊರೆದು, ಮುತ್ತಿನ ಚಿಪ್ಪಿನ ತುಣುಕುಗಳನ್ನು ಕೂರಿಸಿದ್ದಾರೆ. ಮಬ್ಬಿನ ಕೋಣೆಯಲ್ಲಿ ನಿಂತು ಸ್ವಲ್ಪ ಪಕ್ಕಕ್ಕೆ ಸರಿದರೆ ಚಿಪ್ಪಿನ ಬಣ್ಣ ಬಿಳಿಯಿಂದ ತಿಳಿಗೆಂಪಿಗೆ, ಅಲ್ಲಿಂದ ಹಸಿರಿಗೆ ತಿರುಗುತ್ತದೆ. ಕಡಲಿನಿಂದ ಇಷ್ಟು ದೂರದ ಊರಿನಲ್ಲಿ ಕಡಲ ಚಿಪ್ಪು ಕಲ್ಲಿನೊಳಗೆ ಮಿನುಗುತ್ತಿರುವುದು ಆ ಕಾಲದ ವ್ಯಾಪಾರದ ಹರಹನ್ನೂ ಹೇಳುತ್ತದೆ.

ಮುಂದೆ ಸಿಗುವ ಸೋಲಾ ಖಂಬಾ ಮಸೀದಿ ಬೀದರದ ಅತ್ಯಂತ ಹಳೆಯ ಮುಸ್ಲಿಂ ಕಟ್ಟಡಗಳಲ್ಲಿ ಒಂದು. ಅಲ್ಲಿ ದೊರೆತ ಶಾಸನ 1423-24ರ ಕಾಲದ್ದು. ನಡುಭಾಗದ ಹದಿನಾರು ಕಂಬಗಳಿಂದ ಅದಕ್ಕೆ ಈ ಹೆಸರು. ಅಲಂಕಾರ ಕಡಿಮೆ, ದುಂಡನೆಯ ದಪ್ಪ ಕಂಬಗಳ ಸಾಲೇ ಅದರ ಗಾಂಭೀರ್ಯ. ಅದರ ಎದುರಿನ ಲಾಲ್ ಬಾಗ್, ಪಕ್ಕದ ತರ್ಕಶ್ ಮಹಲು, ಆಚೆಯ ಗಗನ ಮಹಲುಗಳನ್ನು ನೋಡಿಕೊಂಡು ತಖ್ತ್ ಮಹಲಿಗೆ ಹೋಗಬಹುದು. ಸುಲ್ತಾನರ ಪಟ್ಟಾಭಿಷೇಕಗಳು ನಡೆದ ಅರಮನೆಯಿದು. ಅದರ ಕಮಾನಿನ ಮೂಲೆಯಲ್ಲಿ ಹುಲಿ ಮತ್ತು ಅದರ ಬೆನ್ನ ಹಿಂದೆ ಮೂಡುವ ಸೂರ್ಯನ ಚಿತ್ರವಿದೆ. ಒಂದು ಕಾಲಕ್ಕೆ ಗೋಡೆಗಳನ್ನು ಮುಚ್ಚಿದ್ದ ಬಣ್ಣದ ಹೆಂಚುಗಳಲ್ಲಿ ಕೆಲವು ಮಾತ್ರ ಉಳಿದಿವೆ.

ಕೋಟೆಯ ಹೊರಗೆ ಹಳೆಯ ಊರು. ಅದಕ್ಕೂ ಸ್ವಂತ ಗೋಡೆ, ಸ್ವಂತ ಅಗಸೆಗಳಿವೆ. ಶಹಾಗಂಜ್, ಫತೇ, ಮಂಗಲಪೇಟ, ದುಲ್ಹನ್, ತಾಲಘಾಟ್ ದರವಾಜಗಳ ಹೆಸರು ಹೇಳಿಯೇ ಇಂದಿಗೂ ಜನ ದಾರಿ ತೋರಿಸುತ್ತಾರೆ. ಊರ ನಡುವೆ ನಾಲ್ಕು ಬೀದಿ ಕೂಡುವಲ್ಲಿ ಸುಮಾರು 71 ಅಡಿ ಎತ್ತರದ ಚೌಬಾರಾ ನಿಂತಿದೆ. ಬುಡದಲ್ಲಿ ಅಗಲ, ಮೇಲೆ ಹೋದಂತೆ ಕಿರಿದು. ಒಳಗಿನ ಸುರುಳಿ ಮೆಟ್ಟಿಲು ಹತ್ತಿ ಹೋದ ಕಾವಲಿನವರಿಗೆ ಇಡೀ ದಿಬ್ಬವೂ ಕೆಳಗಿನ ಬಯಲೂ ಕಾಣುತ್ತಿತ್ತು. ಈಗ ಅದರ ಮೇಲೆ ಗಡಿಯಾರವಿದೆ, ಸುತ್ತ ಪೇಟೆಯ ಗದ್ದಲವಿದೆ.

ಚೌಬಾರಾದಿಂದ ಕೋಟೆಗೆ ಹೋಗುವ ಬೀದಿಯಲ್ಲಿ ಮಹಮೂದ್ ಗವಾನನ ಮದರಸಾ ಇದೆ. ಗವಾನ ಪರ್ಷಿಯಾದ ಗಿಲಾನಿನವನು. 1453ರಲ್ಲಿ ವ್ಯಾಪಾರಿಯಾಗಿ ಬೀದರಕ್ಕೆ ಬಂದು, ತನ್ನ ವಿದ್ಯೆ ಮತ್ತು ಪ್ರಾಮಾಣಿಕತೆಯಿಂದ ಬಹಮನಿ ರಾಜ್ಯದ ಪ್ರಧಾನಿಯಾದ. ದೊಡ್ಡದಾಗಿದ್ದ ನಾಲ್ಕು ಪ್ರಾಂತಗಳನ್ನು ಎಂಟಾಗಿ ಒಡೆದು ಪ್ರಾಂತಾಧಿಕಾರಿಗಳ ಬಲ ತಗ್ಗಿಸಿದ. ಅವನ ಪರ್ಷಿಯನ್ ಪತ್ರಗಳು 'ರಿಯಾಜುಲ್ ಇನ್ಶಾ' ಎಂಬ ಸಂಗ್ರಹವಾಗಿ ಉಳಿದಿವೆ. ತನ್ನ ಗಳಿಕೆಯಲ್ಲಿ ಅವನು ಕಟ್ಟಿಸಿದ ವಿದ್ಯಾಲಯ 1472ರಲ್ಲಿ ಮುಗಿಯಿತು. ಮೂರು ಅಂತಸ್ತು, ನಡುವೆ ವಿಶಾಲ ಅಂಗಳ, ಸುತ್ತ ವಿದ್ಯಾರ್ಥಿಗಳಿಗೆ 36 ಕೋಣೆ, ಅಧ್ಯಾಪಕರಿಗೆ ಬೇರೆ ಬಿಡಾರ, ಪ್ರಾರ್ಥನೆಗೆ ಮಸೀದಿ, ಓದಿಗೆ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೆಸರಾದ ಗ್ರಂಥಾಲಯ. ಕೋಣೆಗಳಿಗೆ ಗಾಳಿಬೆಳಕು ಸರಾಗವಾಗಿ ಬರುವಂತೆ ಕಿಟಕಿಗಳನ್ನು ಇಟ್ಟಿದ್ದಾರೆ.

ಈ ಕಟ್ಟಡದ ಮುಂಭಾಗದ ಎರಡು ಮಿನಾರುಗಳಲ್ಲಿ ಉಳಿದದ್ದು ಒಂದು. ಅದರ ಎತ್ತರ ಸುಮಾರು 131 ಅಡಿ. ಹತ್ತಿರ ಹೋಗಿ ತಲೆಯೆತ್ತಿದರೆ ನೀಲಿ, ಹಸಿರು, ಹಳದಿ, ಬಿಳಿ ಹೆಂಚುಗಳು ಅಂಕುಡೊಂಕು ಪಟ್ಟೆಗಳಾಗಿ ಮಿನಾರನ್ನು ಸುತ್ತಿಕೊಂಡು ಮೇಲೇರುವುದು ಕಾಣುತ್ತದೆ. ಕೆಲವು ಕಡೆ ಹೆಂಚು ಉದುರಿ ಅಡಿಯ ಗಾರೆ ಬಯಲಾಗಿದೆ, ಅದರ ಪಕ್ಕದಲ್ಲೇ ಐದೂವರೆ ಶತಮಾನ ಕಳೆದರೂ ಬಣ್ಣ ಮಾಸದ ತುಣುಕು ಹೊಳೆಯುತ್ತದೆ. ಮದರಸಾದ ಒಂದು ಭಾಗ ಕುಸಿದದ್ದು 1696ರ ಸುಮಾರಿಗೆ ನಡೆದ ಸ್ಫೋಟದಲ್ಲಿ. ಆಗ ಮೊಗಲರ ಕಾಲ. ವಿದ್ಯಾಲಯದ ಕೋಣೆಗಳಲ್ಲಿ ಮದ್ದು ತುಂಬಿಸಿಟ್ಟಿದ್ದರು. ಕಟ್ಟಿಸಿದವನ ಕೊನೆ ಅದಕ್ಕೂ ಮೊದಲೇ ದಾರುಣವಾಗಿ ಆಗಿತ್ತು. ಆಸ್ಥಾನದ ವಿರೋಧಿಗಳು ಅವನ ಮುದ್ರೆಯಿದ್ದ ಕಾಗದದಲ್ಲಿ ರಾಜದ್ರೋಹದ ಸುಳ್ಳು ಪತ್ರ ಬರೆಸಿ ಸುಲ್ತಾನನಿಗೆ ತೋರಿಸಿದರು. 1481ರಲ್ಲಿ ಗವಾನನ ತಲೆ ಉರುಳಿತು. ಆ ಒಬ್ಬನ ಕೈಬಲದಿಂದ ಹಿಡಿದು ನಿಂತಿದ್ದ ರಾಜ್ಯ ಮುಂದಿನ ಕೆಲವೇ ದಶಕಗಳಲ್ಲಿ ಬಿಜಾಪುರ, ಅಹಮದನಗರ, ಬೇರಾರ್, ಗೋಲ್ಕೊಂಡ, ಬೀದರಗಳೆಂದು ಐದು ಹೋಳಾಯಿತು.

ಗವಾನನ ಕಾಲದ ಬೀದರವನ್ನು ಕಣ್ಣಾರೆ ಕಂಡು ಬರೆದವನು ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್. 1470ರ ಆಸುಪಾಸಿನಲ್ಲಿ ಅವನು ಕೊಂಕಣದ ಚೌಲ ಬಂದರಿನಲ್ಲಿ ಇಳಿದು, ಜುನ್ನರಿನ ಮೂಲಕ ಇಲ್ಲಿಗೆ ಬಂದ. ಹಡಗಿನಲ್ಲಿ ತಂದ ಗಂಡುಕುದುರೆಯನ್ನು ಮಾರಿದ್ದು ಬೀದರದಲ್ಲಿ. ಅರಮನೆಯ ಏಳು ಬಾಗಿಲುಗಳಲ್ಲೂ ಕಾವಲಿನವರು, ಬಂದು ಹೋಗುವವರ ಹೆಸರು ಬರೆದುಕೊಳ್ಳುವ ಕರಣಿಕರು ಇರುವುದನ್ನು ಅವನು ದಾಖಲಿಸಿದ್ದಾನೆ. ಸರದಾರರ ಸಿರಿಯನ್ನು ಕಂಡ ಆ ಕಣ್ಣು ಹಳ್ಳಿಯ ಜನರ ಬಡತನವನ್ನೂ ಮರೆಯದೆ ಬರೆದಿದೆ. ಬೆಳಗುವ ಹೆಂಚಿನ ಅರಮನೆಗಳನ್ನು ನೋಡುವವರು ಈ ಮಾತನ್ನೂ ನೆನಪಿನಲ್ಲಿಡಬೇಕು. ಅವುಗಳ ಖರ್ಚು ಹೊತ್ತದ್ದು ಕೆಳಗಿನ ಎರೆಹೊಲದ ಒಕ್ಕಲು.

ಊರಿನ ಪೂರ್ವಕ್ಕೆ ಸುಮಾರು 3 ಕಿಲೋಮೀಟರ್ ದೂರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ದಾರಿಯಲ್ಲಿ ಎಡಕ್ಕೆ ದಿನ್ನೆಯ ಮೇಲೆ ಸೂಫಿ ಗುರು ಖಲೀಲುಲ್ಲಾ ಅವರ ಚೌಖಂಡಿ ಸಿಗುತ್ತದೆ. ಎಂಟು ಮೂಲೆಯ ಆ ಕಟ್ಟಡದ ಕರಿಗಲ್ಲಿನ ಬಾಗಿಲಿನ ಮೇಲಿನ ಅಕ್ಷರಗಳು ಕಲ್ಲಿನಲ್ಲಿ ಕಡೆದವೆಂದು ನಂಬುವುದೇ ಕಷ್ಟ. ಲೇಖನಿಯ ಓಟ ಹಾಗೆಯೇ ಇಳಿದಿದೆ. ಅಷ್ಟೂರಿನ ಗೋರಿಗಳಲ್ಲಿ ಬಹಮನಿ ಸುಲ್ತಾನ ಹುಮಾಯೂನನದು ಅರ್ಧ ಸೀಳಿಹೋಗಿದೆ. ಸಿಡಿಲು ಬಡಿದು ಗುಮ್ಮಟ ಒಡೆಯಿತೆಂದು ಹೇಳುತ್ತಾರೆ. ಸೀಳಿದ ಜಾಗದಲ್ಲಿ ಗುಮ್ಮಟದ ಗೋಡೆಯ ದಪ್ಪ, ಕಟ್ಟುವಿಕೆಯ ಪದರಗಳು ಸ್ಪಷ್ಟವಾಗಿ ಕಾಣುವುದರಿಂದ ಕಟ್ಟಡ ವಿದ್ಯೆ ಕಲಿಯುವವರಿಗೆ ಅದೇ ಪಾಠ.

ಈ ಸಾಲಿನಲ್ಲಿ ತಲೆಯಾದದ್ದು 1436ರಲ್ಲಿ ತೀರಿಕೊಂಡ ಅಹಮದ್ ಶಹಾನ ಗೋರಿ. ಒಳಗೆ ಕಾಲಿಟ್ಟಾಗ ಮೊದಲು ಕತ್ತಲೆ; ಕಣ್ಣು ಹೊಂದಿಕೊಂಡ ಮೇಲೆ ಗೋಡೆಯಿಂದ ಗುಮ್ಮಟದ ನೆತ್ತಿಯವರೆಗೆ ಕೆಂಪು, ನೀಲಿ, ಚಿನ್ನದ ಬಣ್ಣಗಳ ಚಿತ್ತಾರ ಬಿಚ್ಚಿಕೊಳ್ಳುತ್ತದೆ. ಬರಗಾಲದಲ್ಲಿ ಈ ಸುಲ್ತಾನ ಬಯಲಿಗೆ ಹೋಗಿ ಪ್ರಾರ್ಥಿಸಿದಾಗ ಮಳೆ ಸುರಿಯಿತೆಂಬ ಪ್ರತೀತಿಯಿಂದ ಜನ ಅವನನ್ನು ವಲಿ, ಎಂದರೆ ಸಂತ, ಎಂದು ಕರೆದರು. ಹಿಂದೂ ಭಕ್ತರಿಗೆ ಅವನು ಅಲ್ಲಮಪ್ರಭು. ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ ನಡೆಯುವ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮರು ಭಕ್ತರ ಜೊತೆ ಕಾಲ್ನಡಿಗೆಯಲ್ಲಿ ಬರುತ್ತಾರೆ. ಗೋರಿಯ ಮುಂದೆ ಶಂಖ ಊದಿ, ತೆಂಗಿನಕಾಯಿ ಒಡೆದು, ಹೂವೇರಿಸುತ್ತಾರೆ. ಸುಲ್ತಾನನ ಉರುಸಿನ ತಿಥಿಯನ್ನು ಚಾಂದ್ರಮಾನ ಪಂಚಾಂಗ ನೋಡಿ ಗೊತ್ತುಮಾಡುವ ಈ ನಡವಳಿಕೆ ಶತಮಾನಗಳಿಂದ ಜನರೇ ಕಾಪಾಡಿಕೊಂಡು ಬಂದ ಬಾಳುವೆಯ ರೀತಿ.

ಬಹಮನಿಗಳ ಬಳಿಕ ಬೀದರವನ್ನು ಆಳಿದ ಬರೀದ್ ಶಾಹಿಗಳ ಗೋರಿಗಳು ಊರ ಪಶ್ಚಿಮಕ್ಕಿವೆ. ಅಲಿ ಬರೀದನ ಗೋರಿಗೆ ನಾಲ್ಕು ದಿಕ್ಕಿಗೂ ತೆರೆದ ಎತ್ತರದ ಕಮಾನುಗಳು. ಗಾಳಿಬೆಳಕು ಒಳಗೆ ಹೊಕ್ಕು ಹೊರಬರುತ್ತದೆ. ಇದೇ ದೊರೆ ಊರ ಸುತ್ತಲಿನ ಗೋಡೆಯನ್ನೂ ಕಟ್ಟಿಸಿದ. 1619ರಲ್ಲಿ ಬಿಜಾಪುರದ ಆದಿಲ್ ಶಾಹಿಗಳು ಬೀದರವನ್ನು ತಮ್ಮ ರಾಜ್ಯಕ್ಕೆ ಸೇರಿಸಿಕೊಂಡರು. 1657ರಲ್ಲಿ ಔರಂಗಜೇಬ ಮುತ್ತಿಗೆ ಹಾಕಿ ಗೆದ್ದು ಜಫರಾಬಾದ್ ಎಂದು ಹೆಸರಿಟ್ಟ. 18ನೇ ಶತಮಾನದಿಂದ ಊರು ಹೈದರಾಬಾದಿನ ನಿಜಾಮರ ಆಡಳಿತದಲ್ಲಿತ್ತು. 1948ರ ಸೆಪ್ಟೆಂಬರಿನಲ್ಲಿ ಆ ಸಂಸ್ಥಾನ ಭಾರತದ ಒಕ್ಕೂಟಕ್ಕೆ ಸೇರಿತು. 1956ರ ನವೆಂಬರ್ 1ರಂದು ಬೀದರ ಕನ್ನಡ ನಾಡಿನೊಂದಿಗೆ ಒಂದಾಯಿತು.

ಝರಿಗಳ ವಿಷಯಕ್ಕೆ ಮರಳಿದರೆ, ಬೀದರದ ತೀರ್ಥಕ್ಷೇತ್ರಗಳೆಲ್ಲ ಜಂಬಿಟ್ಟಿಗೆಯ ಆ ನೀರಿನ ಬಳಿಯೇ ಬೆಳೆದಿವೆ. ಝರಣಿ ನರಸಿಂಹ ಗುಡಿಯಲ್ಲಿ ದೇವರನ್ನು ಕಾಣಲು ಸುಮಾರು 300 ಮೀಟರ್ ಉದ್ದದ ಸುರಂಗದಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದುಹೋಗಬೇಕು. ತಲೆಯ ಮೇಲೆ ಬಾವಲಿಗಳು, ಕೊನೆಗೆ ಕಲ್ಲುಗೋಡೆಯಲ್ಲಿ ಮೂಡಿದ ನರಸಿಂಹ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಗೋವಿಂದ ಸ್ಮರಣೆ ಮಾಡುತ್ತ ಜನ ಸಾಗುತ್ತಾರೆ. ಪಾಪನಾಶದಲ್ಲಿ ಶಿವನ ಗುಡಿಯ ಮುಂದೆ ಇನ್ನೊಂದು ಝರಿ. ಮೂರನೆಯದು ಗುರುನಾನಕ್ ಝೀರಾ. 16ನೇ ಶತಮಾನದ ಆರಂಭದಲ್ಲಿ ದಕ್ಷಿಣಕ್ಕೆ ಬಂದ ಗುರುನಾನಕರು ನೀರಿಲ್ಲದ ಜನರ ಕಷ್ಟ ನೋಡಿ ಕಲ್ಲು ಸರಿಸಿದಾಗ ಸಿಹಿನೀರು ಚಿಮ್ಮಿತೆಂಬುದು ಸಿಖ್ಖರ ನಂಬಿಕೆ. ದೇಶದ ಮೂಲೆಮೂಲೆಯಿಂದ ಯಾತ್ರಿಕರು ಬರುವ ಈ ಗುರುದ್ವಾರದ ಲಂಗರಿನಲ್ಲಿ ಯಾರು ಬಂದರೂ ಊಟವಿದೆ. 1699ರಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾ ಸ್ಥಾಪಿಸಿದಾಗ ತಲೆಕೊಡಲು ಎದ್ದು ನಿಂತ ಐವರು ಪಂಚಪ್ಯಾರರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರದವರು, ಕ್ಷೌರಿಕ ಕುಲದವರು.

ಬೀದರದ ಹೆಸರನ್ನು ಲೋಕಕ್ಕೆಲ್ಲ ಒಯ್ದ ಕಸುಬು ಬಿದ್ರಿ. ಇದರ ಮೂಲದ್ರವ್ಯ ಸತು. ಅದಕ್ಕೆ ಸುಮಾರು ಹದಿನಾರಕ್ಕೆ ಒಂದರಂತೆ ತಾಮ್ರ ಬೆರೆಸಿ ಕರಗಿಸುತ್ತಾರೆ. ಮಣ್ಣು ಮರಳಿನ ಅಚ್ಚಿನಲ್ಲಿ ಹೊಯ್ದು ಹೂಜಿ, ತಟ್ಟೆ, ಡಬ್ಬಿಯ ಆಕಾರ ತೆಗೆದು, ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಮೈಲುತುತ್ತದ ನೀರು ಸವರಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ; ಆ ಕಪ್ಪಿನ ಮೇಲೆ ಸೂಜಿಮೊನೆಯ ಉಪಕರಣದಿಂದ ಕೈಯಳತೆಯಲ್ಲೇ ಹೂಬಳ್ಳಿ ಬರೆಯುತ್ತಾರೆ. ಬರೆದ ಗೆರೆಯನ್ನು ಸಣ್ಣ ಉಳಿಯಿಂದ ಕೊರೆದು, ಆ ತೋಡಿನಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಇಟ್ಟು ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಾರೆ. ಈ ಹಂತದಲ್ಲಿ ಸತುವೂ ಬೆಳ್ಳಿಯೂ ಒಂದೇ ಬೂದುಬಿಳಿ. ಮಾಡಿದ ಕೆಲಸ ಮಾಡಿದವನ ಕಣ್ಣಿಗೇ ಸರಿಯಾಗಿ ಕಾಣುವುದಿಲ್ಲ.

ಅದನ್ನು ಕಾಣಿಸುವುದು ಕೋಟೆಯ ಮಣ್ಣು. ಹಳೆಯ ಕಟ್ಟಡಗಳ ಒಳಗೆ, ಬಿಸಿಲು ಮಳೆ ತಾಕದೆ ನೂರಾರು ವರ್ಷ ಇದ್ದ ಮಣ್ಣನ್ನು ತಂದು, ನವಸಾಗರದ ಜೊತೆ ನೀರಿನಲ್ಲಿ ಕುದಿಸುತ್ತಾರೆ. ಮಣ್ಣಿನ ಗುಣವನ್ನು ನುರಿತ ಕುಶಲಕರ್ಮಿ ನಾಲಿಗೆಯ ಮೇಲಿಟ್ಟು ರುಚಿ ನೋಡಿ ಗುರುತಿಸುತ್ತಾನೆ. ಬಿಸಿಮಾಡಿದ ಪಾತ್ರೆಗೆ ಈ ಮಿಶ್ರಣ ತಾಕಿದೊಡನೆ ಸತುವಿನ ಮೈ ಕಾಡಿಗೆಯಂತೆ ಕಪ್ಪಾಗಿ ನಿಲ್ಲುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ. ಆಗ ಕತ್ತಲೆಯಿಂದ ಬಳ್ಳಿ ಎದ್ದುಬಂದಂತೆ ಚಿತ್ತಾರ ಮೂಡುತ್ತದೆ. ಕೊನೆಗೆ ಎಣ್ಣೆ ಒರೆಸಿದರೆ ಕಪ್ಪು ಇನ್ನಷ್ಟು ಆಳವಾಗುತ್ತದೆ. ರಂಗೀನ್ ಮಹಲಿನ ಕರಿಗಲ್ಲು ಮತ್ತು ಮುತ್ತಿನ ಚಿಪ್ಪಿನ ಜೋಡಿಯೇ ಇಲ್ಲಿ ಸತು ಮತ್ತು ಬೆಳ್ಳಿಯ ಜೋಡಿಯಾಗಿದೆ. 2006ರಲ್ಲಿ ಬಿದ್ರಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರದ ಕುಶಲಕರ್ಮಿ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಿತು. ಬೆಳ್ಳಿಯ ಬೆಲೆ ಏರಿದಂತೆ ಈ ಕಸುಬಿನ ಬದುಕು ಬಿಗಿಯಾಗುತ್ತದೆ. ಕೊಳ್ಳುವವರು ಕುಶಲಕರ್ಮಿಗಳ ಕೈಯಿಂದಲೇ ಕೊಂಡರೆ ಅದು ನೇರವಾದ ನೆರವು.

ಇಂದಿನ ಬೀದರದ ಪೇಟೆಯಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಒಂದೇ ಅಂಗಡಿಯ ಮುಂದೆ ಕೇಳಿಬರುತ್ತವೆ. ಹೊಲಗಳಲ್ಲಿ ತೊಗರಿ, ಉದ್ದು, ಹೆಸರು, ಜೋಳ; ಊಟದಲ್ಲಿ ಜೋಳದ ರೊಟ್ಟಿ. ಎಳ್ಳಮವಾಸ್ಯೆಯಂದು ಊರಿಗೆ ಊರೇ ಹೊಲಕ್ಕೆ ನಡೆದು, ಚರಗ ಚೆಲ್ಲಿ, ಹಲವು ಕಾಳು ಸೊಪ್ಪುಗಳ ಭಜ್ಜಿಯನ್ನು ರೊಟ್ಟಿ ಅಂಬಲಿಗಳೊಂದಿಗೆ ಹಂಚಿಕೊಂಡು ಉಣ್ಣುತ್ತದೆ. ವಾಯುಪಡೆಯ ತರಬೇತಿ ನೆಲೆ ಮತ್ತು ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇಲ್ಲಿವೆ. 2017ರಲ್ಲಿ ಕಲಬುರಗಿಯೊಂದಿಗೆ ನೇರ ರೈಲು ಸಂಪರ್ಕವಾಯಿತು.

ಬೀದರವನ್ನು ನೋಡಲು ನವೆಂಬರಿನಿಂದ ಫೆಬ್ರವರಿವರೆಗಿನ ಚಳಿಗಾಲ ಹಿತ. ಏಪ್ರಿಲ್, ಮೇ ತಿಂಗಳ ಬಿಸಿಲು ಕಡು. ಎರಡು ದಿನವಾದರೂ ಬೇಕು. ಮೊದಲ ದಿನ ಬೆಳಿಗ್ಗೆ ಕೋಟೆ, ಮಧ್ಯಾಹ್ನ ಮದರಸಾ ಮತ್ತು ಚೌಬಾರಾ, ಸಂಜೆ ಬಿದ್ರಿ ಕೆಲಸದವರ ಓಣಿ. ಎರಡನೆಯ ದಿನ ಬೆಳಕು ಎಳೆಯದಾಗಿರುವಾಗಲೇ ಅಷ್ಟೂರು, ಆಮೇಲೆ ಝರಿಗಳು, ನೌಬಾದದ ಸುರಂಗ ಬಾವಿ, ಇಳಿಹೊತ್ತಿಗೆ ಬರೀದ್ ಶಾಹಿ ಗೋರಿಗಳು. ಚಿತ್ರಗಳಿರುವ ಗೋಡೆಗಳನ್ನು ಮುಟ್ಟಬಾರದು. ಬಣ್ಣಕ್ಕೆ ಕೈಯ ಬೆವರೇ ವೈರಿ. ಸುರಂಗ ಬಾವಿಗಳ ಬಾಯಲ್ಲಿ ಕಸ ಎಸೆಯಬಾರದು. ಮೇಲೆ ಬಿದ್ದದ್ದು ಕೆಳಗಿನ ನೀರಿಗೇ ಸೇರುತ್ತದೆ. ಕಂದಕ, ಅರಮನೆ, ಝರಿ, ಬಿದ್ರಿಯ ಕಪ್ಪು ಎಲ್ಲವನ್ನೂ ಕೊಟ್ಟ ಆ ನೆಲ ಇಂದಿಗೂ ಮಳೆನೀರನ್ನು ಹಿಡಿದಿಟ್ಟು ಊರಿಗೆ ಕೊಡುತ್ತಿದೆ.